ಏಳನೆಯ ಪ್ರಶ್ನೆ

ಸಂತೆಯ ದಿನ ಶಂಕ್ರೆಪ್ಪನ ಪಡಸಾಲೆಯಲ್ಲಿ ಕೂಡಲು ಜಾಗ ಸಿಗುತ್ತಿರಲಿಲ್ಲ. ಜಹೀರಾಬಾದ ಸ್ಟೇಷನ್ನಿನ ಎದುರಿಗೆ, ಬೇವಿನ ಮರದ ನೆರಳಿಗೆ ಅವನ ಮನೆ. ಪಡಸಾಲೆಯೇ ಕಚೇರಿ. ಒಂದು ಮೇಜು, ಒಂದು ತಗಡಿನ ಪೆಟ್ಟಿಗೆ, ಬಂದವರಿಗೆ ಒಂದು ಉದ್ದನೆಯ ಬೆಂಚು. ಬೀದಿಯ ಕಡೆಯ ಗೋಡೆಗೆ ಹೈದರಾಬಾದಿನ ವಿಮಾ ಕಂಪನಿಯ ಹಲಗೆ ತೂಗುಹಾಕಿತ್ತು. ಅದರಲ್ಲಿ ಉರ್ದು, ಇಂಗ್ಲಿಷು ಎರಡೇ ಇದ್ದವು. ಊರವರಿಗೂ ತಿಳಿಯಲೆಂದು ಶಂಕ್ರೆಪ್ಪ ಹಲಗೆಯ ಕೆಳಗೆ ಸುಣ್ಣದ ಗೋಡೆಯ ಮೇಲೆ ಕೆಮ್ಮಣ್ಣಿನಿಂದ ತಾನೇ ಕನ್ನಡದಲ್ಲಿ ಬರೆದಿದ್ದ: ‘ಮನಿ, ದುಕಾನ, ಮೋಟಾರ, ಎಲ್ಲಾಕೂ ಬೀಮಾ.’

ಆ ದಿನ ಎಲ್ಲರಿಗಿಂತ ಮೊದಲು ಬಂದು ಕೂತವನು ವೀರಪ್ಪ. ನಾರಾಯಣಖೇಡದವನು. ಖೇಡದಿಂದ ಜಹೀರಾಬಾದಿಗೆ ಬಾಡಿಗೆಯ ಮೋಟಾರು ಓಡಿಸುತ್ತಿದ್ದ. ಎಂಟು ತಿಂಗಳ ಹಿಂದೆ ಮನೂರಿನ ದಾರಿಯಲ್ಲಿ ಒಂದು ಎಮ್ಮೆ ಅಡ್ಡ ಬಂದು ಮೋಟಾರಿನ ಎಡಗಡೆಯ ದೀಪ ಪುಡಿಯಾಗಿತ್ತು. ಅಂದಿನಿಂದ ಪ್ರತಿ ಸಂತೆಗೂ ಅವನದು ಇಲ್ಲಿ ಹಾಜರಿ.

“ಶಂಕ್ರೆಪ್ಪ, ನನ್ನ ಮೋಟಾರಿನ ಕಣ್ಣು ಎಲ್ಲೀತನಕ ಬಂತೋ? ಹೈದರಾಬಾದ ಬಿಟ್ಟದೋ ಇಲ್ಲೋ?”

“ಬರ್ತದ ಕಾಕಾ. ಒಡದ ಗಾಜ ಕಳಸ್ರಿ ಅಂತ ಕಂಪನಿಯವರು ಬರದಾರ.”

“ಒಡದ ಗಾಜು!” ವೀರಪ್ಪ ಬೆಂಚಿನ ಮೇಲಿದ್ದವರ ಕಡೆ ತಿರುಗಿದ. “ಯಾರದರ ಕಾಲಿಗೆ ಚುಚ್ಚೀತಂತ ಆವತ್ತೇ ಹಳ್ಳಕ್ಕ ಎಸದೀನಿ. ಗಾಜಿಲ್ಲ, ಎಮ್ಮಿ ಅದ. ಎಮ್ಮೀನ ಕಳಸ್ಲೇನು? ಇನ್ನಾ ಗಟ್ಟಿಮುಟ್ಟ ಅದ, ನಿಂತು ಸಾಕ್ಷಿ ಹೇಳ್ತದ.”

ಬೆಂಚು ಪೂರ್ತಿ ನಕ್ಕಿತು. ಶಂಕ್ರೆಪ್ಪನೂ ನಕ್ಕ. ನಗಿಸಿ ಕಳಿಸುವುದು ಅವನಿಗೆ ರೂಢಿಯಾಗಿತ್ತು. “ಬರೋ ಸಂತಿಗೆ ಬರ್ರಿ ಕಾಕಾ, ಇನ್ನೊಮ್ಮೆ ಬರೀತೀನಿ,” ಎಂದ. ಆ ‘ಬರೋ ಸಂತಿ’ ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಪನಿಯ ಇನ್ಸ್‌ಪೆಕ್ಟರ್ ಸಾಹೇಬರು ಹೇಳಿಕೊಟ್ಟ ಮಾತು ಅದು. ಇಲ್ಲ ಎಂದು ಯಾರಿಗೂ ಹೇಳಬೇಡ, ನಾಳೆ ಎನ್ನು. ಬಹಳ ಜನ ತಾವಾಗಿಯೇ ದಣಿದು ಬಿಡುತ್ತಾರೆ ಎಂದಿದ್ದರು.

ನಗೆ ತಣ್ಣಗಾದ ಮೇಲೆ ಬೆಂಚಿನ ತುದಿಯಿಂದ ಸುಗಲಾಬಾಯಿ ಎದ್ದು ಬಂದಳು. ಐವತ್ತೈದರ ಆಸುಪಾಸಿನ ಹೆಂಗಸು. ಹಣೆಯ ಮೇಲೆ ವಿಭೂತಿ, ತಲೆಯ ಮೇಲೆ ಸೆರಗು. ಅವಳು ಯಾರಂತೆಯೂ ಕೂಗಾಡುತ್ತಿರಲಿಲ್ಲ, ಚೇಷ್ಟೆಯನ್ನೂ ಮಾಡುತ್ತಿರಲಿಲ್ಲ. ಕೇಳುವುದು ಒಂದೇ ಮಾತು.

“ಕಾಗದ ಬಂತೇನ ತಮ್ಮಾ?”

“ಇನ್ನಾ ಇಲ್ಲ ಮಾವಶಿ. ಬರೋ ಸಂತಿಗೆ ನೋಡೂಣು.”

“ಆತಪಾ. ನಿನಗ ಕೆಲಸ ಭಾಳ ಅದ. ನಾ ಬರ್ತೀನಿ.”

ಅವಳು ಮೆಟ್ಟಿಲಿಳಿದು ಬಿಸಿಲಿಗೆ ಹೋದಳು. ಶಂಕ್ರೆಪ್ಪ ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿದ. ಅವಳ ಕಾಗದ ಬಂದು ಮೂರು ತಿಂಗಳಾಗಿತ್ತು. ಅವನ ಮೊಳಕಾಲಿಗೆ ತಾಗುತ್ತಿದ್ದ ತಗಡಿನ ಪೆಟ್ಟಿಗೆಯಲ್ಲೇ, ಎಲ್ಲದರ ತಳಕ್ಕೆ ಇತ್ತು.

ಒಳಗಿನಿಂದ ಹೆಂಡತಿ ಅಮೃತಬಾಯಿ ಬಾಗಿಲಿಗೆ ಬಂದು ನಿಂತಳು. “ಮಾವಶಿ ಇವತ್ತೂ ಹಂಗೇ ಹೋದಳು. ಒಂದ ತಂಬಿಗಿ ನೀರರ ಬೇಕೇನಂತ ಕೇಳಬಾರದೇನ್ರಿ? ಆಕಿ ಕೈಯಾಗ ಎಷ್ಟ ವರ್ಷ ಉಂಡೀರಿ ನೀವು?”

ಶಂಕ್ರೆಪ್ಪ ಬೆಂಚಿನ ಮೇಲಿನ ಮುಂದಿನವರನ್ನು ಕರೆದ.

ಉಂಡದ್ದು ಆರು ವರ್ಷ. ಮದುವೆಗೆ ಮುಂಚೆ ಸ್ಟೇಷನ್ನಿನ ಮಾಲು ಗುಮಾಸ್ತನಾಗಿ ಅವನು ಈ ಊರಿಗೆ ಬಂದಾಗ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಸ್ಟೇಷನ್ನಿನ ಹಿಂದುಗಡೆ ಸುಗಲಾಬಾಯಿಯ ಖಾನಾವಳಿ ಇತ್ತು. ಉಣ್ಣಲು ಬರುವವರೆಲ್ಲ ಅವಳನ್ನು ಚಿಕ್ಕಮ್ಮನಂತೆ ‘ಮಾವಶಿ’ ಎಂದೇ ಕರೆಯುತ್ತಿದ್ದರು. ಮಣ್ಣಿನ ಮಾಳಿಗೆಯ ಮನೆ. ಮುಂದಿನ ಅಂಕಣದಲ್ಲಿ ಊಟದ ಪಂಕ್ತಿ, ಹಿಂದೆ ಅಡುಗೆ, ನಡುವೆ ದೇವರ ಜಗುಲಿ. ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆ. ರೈಲು ತಡವಾಗಿ ಗುಮಾಸ್ತ ಹೊತ್ತು ಮೀರಿ ಬಂದರೆ ಅವನ ಪಾಲಿನ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಒಲೆಯ ಬದಿಗೆ ಇಟ್ಟಿರುತ್ತಿತ್ತು. ತಡವಾಯಿತೆಂದು ಅವಳು ಒಂದು ದಿನವೂ ಮುಖ ಗಂಟು ಹಾಕಿದವಳಲ್ಲ.

ಆ ಜಗುಲಿಯ ಮೇಲೆ ಒಂದು ನಂದಾದೀಪ ಉರಿಯುತ್ತಿತ್ತು. ಹಿತ್ತಾಳೆಯ ದೀಪ, ಕುಸುಬಿ ಎಣ್ಣೆ. ಸುಗಲಾಬಾಯಿ ಮತ್ತು ಅವಳ ಗಂಡ ನ್ಯಾಲ್ಕಲ್ಲಿನಿಂದ ಇಲ್ಲಿಗೆ ಬಂದು ಮನೆ ಕಟ್ಟಿದಾಗ, ಅತ್ತೆಯ ಮನೆಯ ದೀಪದಿಂದ ಕಿಡಿ ಹಚ್ಚಿಕೊಂಡು, ಮಣ್ಣಿನ ಗಡಿಗೆಯೊಳಗೆ ಗಾಳಿಗೆ ಮರೆಮಾಡಿ, ಎತ್ತಿನ ಗಾಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಅತ್ತೆ ಹೋದಳು, ಆ ಮನೆಯೂ ಬಿತ್ತು, ಗಂಡನೂ ಲಿಂಗೈಕ್ಯನಾದ. ದೀಪ ಮಾತ್ರ ಇಪ್ಪತ್ತೆರಡು ವರ್ಷ ಒಂದೇ ಸಮನೆ ಉರಿದಿತ್ತು. ಸುಗಲಾಬಾಯಿ ಸಂತೆಗೆ ಹೋಗುವಾಗಲೂ ಮೊದಲು ಎಣ್ಣೆ ನೋಡಿಯೇ ಬಾಗಿಲು ಮುಂದೆ ಮಾಡುತ್ತಿದ್ದಳು.

ಬೀಮಾ ಮಾಡಿಸಿದ್ದು ಶಂಕ್ರೆಪ್ಪನೇ. ರೈಲ್ವೆ ಬಿಟ್ಟು ಏಜೆಂಟನಾದ ಮೊದಲ ವರ್ಷ, ಇಷ್ಟು ಮನೆಗೆ ಬೀಮಾ ಮಾಡಿಸಲೇಬೇಕೆಂದು ಕಂಪನಿ ಪಟ್ಟು ಹಿಡಿದು ಕೂತಿತ್ತು. ಒಂದು ಸೋಮವಾರ ಸಂಜೆ ಫಾರಮ್ಮು ಹಿಡಿದು ಖಾನಾವಳಿಗೆ ಹೋದ. ಜಗುಲಿಯ ಮುಂದೆಯೇ ಚಾಪೆ ಹಾಸಿ ಕೂಡಿಸಿದಳು.

“ಏನಿದು ಬೀಮಾ ಅಂದ್ರ?”

“ನಾಳಿಗೆ ಮನಿಗೆ ಏನರ ಹೆಚ್ಚುಕಮ್ಮಿ ಆದ್ರ ಕಂಪನಿ ಕಟ್ಟಿಕೊಡ್ತದ ಮಾವಶಿ. ಈಗ ಒಂದೊಂದೇ ಕೇಳ್ತೀನಿ, ಹೇಳ್ರಿ. ಒಂದನೇದು, ಈ ಮನಿ ಎಂದರ ಸುಟ್ಟು…”

“ಥೂ ಥೂ! ಬಿಡ್ತು ಅನ್ನು!” ಸುಗಲಾಬಾಯಿ ಎರಡೂ ಕಿವಿ ಮುಚ್ಚಿಕೊಂಡಳು. “ದೀಪ ಹಚ್ಚೋ ಹೊತ್ತಿನಾಗ, ದೇವರ ಮುಂದ ಕುಂತು ಅಂಥಾ ಮಾತ ಆಡ್ತಾರೇನಪಾ? ಹೊಸ್ತಿಲ ಒಳಗ ಆ ಶಬ್ದ ಬ್ಯಾಡ.”

“ಕಾಗದದಾಗ ಅದ ಮಾವಶಿ, ಕೇಳಲೇಬೇಕು.”

“ಕಾಗದದಾಗ ಇದ್ರ ಕಾಗದದಾಗೇ ಇರಲಿ. ಶ್ಯಾಣ್ಯಾ ಇದ್ದೀ, ನನ್ನ ಮನಿ ನಿನಗ ಗೊತ್ತಿಲ್ಲದ್ದೇನ ಅದ? ನೀನೇ ಬರಕೋ. ನಾ ಹೆಬ್ಬಟ್ಟ ಒತ್ತತೀನಿ.”

ಶಂಕ್ರೆಪ್ಪನಿಗೆ ಇದು ಹೊಸದಲ್ಲ. ಹೋದ ಹೋದ ಮನೆಯಲ್ಲೆಲ್ಲ ಇದೇ ಆಗುತ್ತಿತ್ತು. ಸುಡುವುದು, ಬೀಳುವುದು, ಸಾಯುವುದು. ಫಾರಮ್ಮಿನ ತುಂಬ ಹೊಸ್ತಿಲೊಳಗೆ ಆಡಬಾರದ ಮಾತುಗಳೇ. ಹಾಗಾಗಿ ಅವನು ಪ್ರಶ್ನೆಗಳನ್ನು ಓದುವುದನ್ನೇ ಬಿಟ್ಟಿದ್ದ. ಕಣ್ಣಾಡಿಸಿ, ಉರ್ದುವಿನಲ್ಲಿ ‘ಇಲ್ಲ, ಇಲ್ಲ, ಇಲ್ಲ’ ಎಂದು ಸಾಲಾಗಿ ಬರೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ಏಳನೆಯ ಪ್ರಶ್ನೆ ಹೀಗಿತ್ತು: ‘ಮನೆಯಲ್ಲಿ ಯಾರೂ ಇಲ್ಲದಿರುವಾಗಲೂ ಉರಿಯುವ ದೀಪವಾಗಲಿ ಬೆಂಕಿಯಾಗಲಿ ಉಂಟೋ?’ ಅದಕ್ಕೂ ‘ಇಲ್ಲ’ ಎಂದು ಬರೆದ. ಬರೆಯುವಾಗ ನಂದಾದೀಪದ ಬೆಳಕು ಅದೇ ಕಾಗದದ ಮೇಲೆ ಬಿದ್ದಿತ್ತು. ಅದು ದೇವರು, ಬೆಂಕಿಯಲ್ಲ. ಅವನ ಮನಸ್ಸಿಗೆ ಬೇರೆ ಏನೂ ಹೊಳೆಯಲೇ ಇಲ್ಲ.

ಬೆಂಕಿ ಬಿದ್ದದ್ದು ಒಂದು ಸಂತೆಯ ದಿನ, ಮಧ್ಯಾಹ್ನ. ಸುಗಲಾಬಾಯಿ ಜೋಳ ಕೊಳ್ಳಲು ಹೋಗಿದ್ದಳು. ಪಕ್ಕದ ಮನೆಯ ಬಾಲಮಣಿ ಅಂಗಳದಲ್ಲಿ ತೊಗರಿ ಒಣಹಾಕುತ್ತಿದ್ದವಳು ಕಿಟಕಿಯಿಂದ ಹೊಗೆ ಕಂಡು ಓಡಿಬಂದಳು. ಬಾಗಿಲು ತೆಗೆದಾಗ ಉರಿ ಜಗುಲಿಯಿಂದ ಅಟ್ಟಕ್ಕೆ ಏರಿತ್ತು. ಅಟ್ಟದ ಮೇಲೆ ಒಲೆಗೆಂದು ಪೇರಿಸಿಟ್ಟ ತೊಗರಿಕಟ್ಟಿಗೆ. ಎಣ್ಣೆಯ ಬತ್ತಿಯನ್ನು ಇಲಿ ಎಳೆದುಕೊಂಡು ಹೋಗಿರಬೇಕು ಎಂದು ಎಲ್ಲರೂ ಅಂದರು. ತೊಲೆಗಳು ಸುಟ್ಟು ಮಾಳಿಗೆಯ ಮಣ್ಣೆಲ್ಲ ಒಳಗೆ ಕುಸಿಯಿತು. ಉಳಿದದ್ದು ರೊಟ್ಟಿಯ ಹಂಚು ಮತ್ತು ಒಂದು ಕಡೆ ಕರಗಿ ಬಾಗಿದ ಹಿತ್ತಾಳೆಯ ದೀಪ.

ಎರಡು ವಾರದ ಮೇಲೆ ಹೈದರಾಬಾದಿನಿಂದ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಕೆಟ್ಟ ಮನುಷ್ಯರಲ್ಲ. ಬಿಸಿಲಲ್ಲಿ ನಿಂತು ಬೂದಿಯನ್ನು ಕೋಲಿನಿಂದ ಕೆದಕಿ ನೋಡಿದರು, ಬಾಲಮಣಿ ಕೊಟ್ಟ ಮಜ್ಜಿಗೆ ಕುಡಿದು ಅವಳಿಗೆ ಒಳ್ಳೆಯದಾಗಲೆಂದರು. ಆಮೇಲೆ ದಖನಿ ಉರ್ದುವಿನಲ್ಲಿ ಸುಗಲಾಬಾಯಿಯನ್ನು ಕೇಳಿದರು: ಬೆಂಕಿ ಎಲ್ಲಿಂದ ಹತ್ತಿತು?

ಒಲೆಯಿಂದ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಡುಗೆಯ ಒಲೆಗೆ ಫಾರಮ್ಮಿನಲ್ಲಿ ಪ್ರತ್ಯೇಕ ಜಾಗವಿತ್ತು, ಅದನ್ನು ಕಂಪನಿ ಒಪ್ಪುತ್ತಿತ್ತು. ಸುಗಲಾಬಾಯಿ ಕೈಮುಗಿದು ಇದ್ದದ್ದನ್ನೇ ಹೇಳಿದಳು. “ದೇವರ ದೀಪದಿಂದ ಹತ್ತೇದ್ರಿ ಸಾಹೇಬ. ಇಪ್ಪತ್ತೆರಡು ವರ್ಷ ನಮ್ಮನ್ನ ಕಾದದ. ಅದರ ತಪ್ಪಲ್ಲ, ಇಲಿ ತಪ್ಪು.”

ಸಾಹೇಬರು ಫಾರಮ್ಮಿನ ಏಳನೆಯ ಸಾಲಿನ ಮೇಲೆ ಬೆರಳಿಟ್ಟು ಶಂಕ್ರೆಪ್ಪನ ಮುಖ ನೋಡಿದರು. ಅವಳ ಮುಂದೆ ಏನೂ ಆಡಲಿಲ್ಲ. ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಕೂತಾಗ ಕೇಳಿದರು.

“ಶಂಕ್ರೆಪ್ಪ, ಒಂದೇ ಮಾತು. ಪ್ರಶ್ನೆಗಳನ್ನೆಲ್ಲ ಆ ಹೆಂಗಸಿಗೆ ಓದಿ ಹೇಳಿದ್ದೆಯಲ್ಲವೇ? ಇಲ್ಲವೆಂದರೆ ಹೇಳಿಬಿಡು. ತಪ್ಪು ಯಾರದೆಂದು ಬರೆದುಕೊಂಡು ಹೋಗುತ್ತೇನೆ. ಏಜೆಂಟನ ತಪ್ಪಾದರೆ ಕಂಪನಿ ಬೇರೆ ರೀತಿ ನೋಡುತ್ತದೆ.”

ರೈಲಿನ ಹೊಗೆ ದೂರದಲ್ಲಿ ಕಾಣುತ್ತಿತ್ತು. ಒಂದು ‘ಇಲ್ಲ’ ಎಂದಿದ್ದರೆ ಸಾಕಿತ್ತು. ನೂರಾರು ಫಾರಮ್ಮಿನಲ್ಲಿ ಅಷ್ಟು ಧಾರಾಳವಾಗಿ ಬರೆದ ಆ ಪದ ಅಂದು ಅವನ ಬಾಯಿಗೆ ಬರಲಿಲ್ಲ. ಇದೊಂದನ್ನು ಒಪ್ಪಿದರೆ ಉಳಿದ ಫಾರಮ್ಮುಗಳೂ ಬಿಚ್ಚಿಕೊಳ್ಳುತ್ತವೆ, ಹಲಗೆ ಗೋಡೆಯಿಂದ ಇಳಿಯುತ್ತದೆ ಎಂದು ಲೆಕ್ಕ ಹಾಕಿದ.

“ಓದೀನಿ ಸಾಹೇಬ. ಒಂದೊಂದೂ ಓದಿ ಹೇಳೀನಿ,” ಎಂದ.

ಸಾಹೇಬರು ತಲೆದೂಗಿ ಕನ್ನಡಕ ತೆಗೆದು ಒರೆಸಿಕೊಂಡರು. ರೈಲು ಬಂತು.

ಮೂರು ತಿಂಗಳ ಹಿಂದೆ ಬಂದ ಕಾಗದದಲ್ಲಿ ನಾಲ್ಕೇ ಸಾಲು. ಅರ್ಜಿದಾರಳು ತಿಳಿದೂ ತಿಳಿದೂ ಸುಳ್ಳು ಹೇಳಿಕೆ ಕೊಟ್ಟಿದ್ದಾಳೆ. ಆದ್ದರಿಂದ ಏನೂ ಕೊಡತಕ್ಕದ್ದಲ್ಲ. ಶಂಕ್ರೆಪ್ಪ ಅದನ್ನು ಎರಡು ಸಲ ಓದಿ ಪೆಟ್ಟಿಗೆಯ ತಳಕ್ಕೆ ಹಾಕಿದ. ಈ ಮಾತನ್ನು ಅವಳ ಮುಂದೆ ಹೇಗೆ ಓದುವುದು? ಹೇಳದಿದ್ದರೇ ಅವಳಿಗೂ ಒಳ್ಳೆಯದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಹಾಗೆ ಅವಳಿಗೂ ‘ಬರೋ ಸಂತಿ’ ಶುರುವಾಯಿತು.

ಬಾಲಮಣಿಯ ಮನೆಯ ಮಗ್ಗುಲ ಚಪ್ಪರದಲ್ಲಿ ಒಂದು ಒಲೆ ಹೂಡಿಕೊಂಡು ಸುಗಲಾಬಾಯಿ ದಿನ ತಳ್ಳುತ್ತಿದ್ದಳು. ಅಷ್ಟು ಜಾಗದಲ್ಲಿ ಖಾನಾವಳಿ ನಡೆಯುವಂತಿರಲಿಲ್ಲ. ನೆಲ ಅವಳದೇ, ಅದರ ಮೇಲೆ ಮಾಳಿಗೆ ನಿಲ್ಲಿಸುವ ಶಕ್ತಿ ಮಾತ್ರ ಆ ಕಾಗದದಿಂದಲೇ ಬರಬೇಕಾಗಿತ್ತು. ಹತ್ತಿಯ ವ್ಯಾಪಾರಿಯೊಬ್ಬ ಆ ಜಾಗಕ್ಕೆ ಕಣ್ಣು ಹಾಕಿ, ತಿಂಗಳಿಗೊಮ್ಮೆ ಬಂದು ಕೇಳಿ ಹೋಗುತ್ತಿದ್ದ. “ಕಂಪನಿ ಕಾಗದ ಬರೋದದ, ತಡೀರಿ,” ಎನ್ನುತ್ತಿದ್ದಳು.

ಮುಂದಿನ ಸಂತೆಗೆ ಅವಳು ಬರಲಿಲ್ಲ. ಶಂಕ್ರೆಪ್ಪನಿಗೆ ಮೊದಲು ಹಗುರವೆನಿಸಿತು. ಅದರ ಮುಂದಿನ ಸಂತೆಗೂ ಬರಲಿಲ್ಲ. ಬೆಂಚಿನ ತುದಿಯಲ್ಲಿ ಯಾರೋ ಕೂತಿದ್ದರೂ ಆ ಜಾಗ ಖಾಲಿ ಇದ್ದಂತೆ ಅವನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮೂರನೆಯ ಸಂತೆಗೆ ವೀರಪ್ಪ ಬಂದ. ಎಂದಿನ ಹಾಗೆ ಗದ್ದಲ ಮಾಡಲಿಲ್ಲ.

“ನಿನ್ನ ಮಾವಶಿ ಹೋದಳಲ್ಲೋ.”

“ಎಲ್ಲಿಗೆ?” ಶಂಕ್ರೆಪ್ಪನ ಬರೆಯುತ್ತಿದ್ದ ಟಾಕು ನಿಂತಿತು.

“ತಾಂಡೂರಿಗೆ. ತಂಗಿ ಮಗಳು ಕಾಂತಾಬಾಯಿ ಅಲ್ಲಿ ಖಾನಾವಳಿ ಹಾಕ್ಯಾಳ, ಬಂಡೆಗಲ್ಲಿನ ಗಣಿ ಮಂದಿಗೆ. ಅಲ್ಲಿ ರೊಟ್ಟಿ ಬಡ್ಯಾಕ ಹೋಗ್ಯಾಳ. ಇಲ್ಲೀ ಜಾಗ ಹತ್ತಿ ಸಾವ್ಕಾರಗ ಕೊಟ್ಟಳು. ಗಂಟು ನಾನೇ ಸ್ಟೇಷನ್ನಿಗೆ ಹೊತ್ತು ಕೊಟ್ಟೀನಿ.”

“ನನಗೊಂದ ಮಾತ ಹೇಳಲಿಲ್ಲ…”

“ನಾನೂ ಹಂಗೇ ಅಂದೆ. ಶಂಕ್ರೆಪ್ಪನ ಮಾರಿಗೆ ನಾಲ್ಕು ಬೈದಾದ್ರೂ ಹೋಗು ಮಾರಾಯ್ತಿ, ನನ್ನ ಪಾಲಿಂದೂ ಸೇರಿಸಿ ಅಂದೆ. ಅದಕ್ಕ ಏನಂದ್ಲು ಗೊತ್ತೇನು?” ವೀರಪ್ಪ ರುಮಾಲು ತೆಗೆದು ಮೊಳಕಾಲಿನ ಮೇಲಿಟ್ಟುಕೊಂಡ. “ಪಾಪ, ಅಂವ ಏನ್ ಮಾಡ್ಯಾನು? ಕಾಗದ ಬರವಲ್ದು. ಪ್ರತಿ ಸಂತಿಗೂ ನನ್ನ ಮುಖ ನೋಡಿ ಇಲ್ಲ ಅನ್ನಾಕ ಅಂವಗೂ ಸಂಕಟ ಆಗ್ತಿರಬೇಕು. ನಾ ಹೋದ್ರ ಅಂವಗ ನಿರಾಳ ಆಗ್ತದ, ಅಂದ್ಲು.”

ಶಂಕ್ರೆಪ್ಪ ಎದ್ದು ಒಳಗೆ ಹೋದ. ಅಮೃತಬಾಯಿ ಮಾಡಿಟ್ಟ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಒಲೆಯ ಬದಿಗಿತ್ತು. ಅದನ್ನು ನೋಡುತ್ತ ಬಹಳ ಹೊತ್ತು ನಿಂತ. ಹೊರಗೆ ಬೆಂಚಿನವರು ಗೊಣಗಿ ಗೊಣಗಿ ಒಬ್ಬೊಬ್ಬರೇ ಎದ್ದು ಹೋದರು.

ಮರುದಿನ ಬೆಳಗಿನ ರೈಲಿಗೆ ಹೊರಟು ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ತಾಂಡೂರಿಗೆ ಇಳಿದಾಗ ಮಧ್ಯಾಹ್ನ ತಿರುಗಿತ್ತು. ಸ್ಟೇಷನ್ನಿನ ಹೊರಗೆ ನೀಲಿ ಬಂಡೆಗಳನ್ನು ಹೇರಿದ ಗಾಡಿಗಳು ಸಾಲಾಗಿ ನಿಂತಿದ್ದವು. ಕಾಂತಾಬಾಯಿಯ ಖಾನಾವಳಿ ಕೇಳಿದರೆ ಎಲ್ಲರೂ ತೋರಿಸಿದರು. ಬಂಡೆಗಳನ್ನೇ ನಿಲ್ಲಿಸಿ ಗೋಡೆ ಮಾಡಿದ ಮನೆ. ಪಂಕ್ತಿ ಎದ್ದು ಹೋಗಿತ್ತು. ಹಿಂದಿನ ಚಪ್ಪರದಲ್ಲಿ ಸುಗಲಾಬಾಯಿ ಒಬ್ಬಳೇ ಸಂಜೆಯ ರೊಟ್ಟಿ ಬಡಿಯುತ್ತಿದ್ದಳು.

ಅವನನ್ನು ಕಂಡು ಅವಳ ಮುಖ ಅರಳಿತು. “ಅಯ್ಯ, ಶಂಕ್ರೆಪ್ಪ! ಇಲ್ಲೀತನಕ ಬಂದಿ? ಕಾಗದ ಬಂತೇನು?”

“ಬಂದದ ಮಾವಶಿ.”

“ನೋಡು, ನಾ ಬಿಟ್ಟು ಬಂದ ಮ್ಯಾಲ ಬಂತು. ನನ್ನ ಹಣಿಬಾರ.” ಅವಳು ನಕ್ಕಳು. “ಏನಂತ ಬರದಾರ?”

ಶಂಕ್ರೆಪ್ಪ ಚಪ್ಪಲಿ ಬಿಟ್ಟು ಒಲೆಯಿಂದ ಒಂದು ಮಾರು ದೂರ ನೆಲದ ಮೇಲೇ ಕೂತ. ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದ, ಒಂದೂ ನೆನಪಾಗಲಿಲ್ಲ. ಜೇಬಿನಿಂದ ಕಾಗದ ತೆಗೆದು, ಉರ್ದುವಿನ ನಾಲ್ಕು ಸಾಲನ್ನು ಕನ್ನಡದಲ್ಲಿ ಓದಿದ. ‘ತಿಳಿದೂ ತಿಳಿದೂ ಸುಳ್ಳು’ ಎಂಬುದನ್ನೂ ಬಿಡಲಿಲ್ಲ. ಇದು ಬಂದು ನಾಲ್ಕು ತಿಂಗಳಾಯಿತು ಎಂದ. ಏಳನೆಯ ಪ್ರಶ್ನೆ ಏನಿತ್ತು, ತಾನು ಏನು ಬರೆದೆ, ಸ್ಟೇಷನ್ನಿನಲ್ಲಿ ಸಾಹೇಬರು ಏನು ಕೇಳಿದರು, ತಾನು ಏನೆಂದೆ, ಎಲ್ಲವನ್ನೂ ಹೇಳಿದ. ಹೇಳಿ ತಲೆ ತಗ್ಗಿಸಿದ.

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಿತು. ಸುಗಲಾಬಾಯಿ ಅದನ್ನು ತೆಗೆಯಲಿಲ್ಲ. ಅವನ ಕೈಯಲ್ಲಿನ ಕಾಗದದ ಕಡೆ ನೋಡಿ ಕೇಳಿದಳು:

“ಅಂದ್ರ ನಾ ಸುಳ್ಳ ಹೇಳೀನಂತ ಬರದದ?”

“ಹೂಂ.”

“ಎಷ್ಟ ಮಂದಿ ಓದ್ಯಾರ ಇದನ್ನ?”

“ಕಂಪನಿ ಮಂದಿ… ನಾಲ್ಕೈದು ಮಂದಿ ಓದಿರಬೇಕು.”

“ನನ್ನ ಹೆಸರ ಹಿಡದು?”

“ಹೆಸರ ಹಿಡದು.”

ಸುಗಲಾಬಾಯಿ ಸೀದ ರೊಟ್ಟಿಯನ್ನು ಬರಿಗೈಯಿಂದಲೇ ತೆಗೆದು ಬದಿಗೆ ಒಗೆದಳು. “ಆ ಸಾಹೇಬ ನನ್ನ ಕೇಳಿದಾಗ ಬಾಲಮಣಿ ಬಾಜೂಕ ನಿಂತು ಕಣ್ಣಸನ್ನಿ ಮಾಡಿದ್ಳು, ಒಲಿ ಅನ್ನು, ಒಲಿ ಅನ್ನು ಅಂತ. ದೀಪದ ಹೆಸರಿಲೆ ಸುಳ್ಳ ಹೆಂಗ ಹೇಳಲಿ ಅಂತ ಖರೇನೇ ಹೇಳಿದೆ. ಮನಿ ಸುಟ್ಟಿದ್ದಕ್ಕ ನನಗ ಇಷ್ಟ ಅಳು ಬಂದಿಲ್ಲ ತಮ್ಮಾ.”

ಆದರೆ ಅವಳು ಅಳಲಿಲ್ಲ. ಹಿಟ್ಟಿನ ಕೈಯನ್ನು ಉಜ್ಜಿ ಉಜ್ಜಿ ಒರೆಸಿಕೊಂಡಳು. ತನಗೇ ಹೇಳಿಕೊಂಡಂತೆ ಅಂದಳು: “ನಂದೂ ಅದ ಇದರಾಗ. ಅಂಥಾ ಮಾತ ಒಳಗ ಬ್ಯಾಡ, ನೀನೇ ಬರಕೋ ಅಂದಾಕಿ ನಾನೇ.”

“ನೀವು ಅಂದದ್ದು ದೇವರಿಗೆ ಹೆದರಿ ಮಾವಶಿ. ನಾ ಬರದದ್ದು ಮೈಗಳ್ಳತನಕ್ಕ. ಅಂಗಳಕ್ಕ ಬರ್ರಿ, ಹೊರಗ ಕುಂತು ಓದ್ತೀನಿ ಅಂದಿದ್ರ ಆಗ್ತಿತ್ತು. ಅಷ್ಟೇ ಇತ್ತು. ಅಷ್ಟೂ ಮಾಡಲಿಲ್ಲ.”

ಅವಳು ಒಲೆಯ ಕಟ್ಟಿಗೆಯನ್ನು ಹಿಂದಕ್ಕೆ ಎಳೆದಳು. ಚಪ್ಪರದ ಮೂಲೆಯಲ್ಲಿ ಬೋರಲು ಹಾಕಿದ ಪಾತ್ರೆಗಳ ನಡುವೆ ಶಂಕ್ರೆಪ್ಪನಿಗೆ ಹಿತ್ತಾಳೆಯ ದೀಪ ಕಂಡಿತು. ಬಾಗಿದ ತುಟಿ, ಒಣಗಿದ ಒಡಲು.

“ಹಚ್ಚಿಲ್ಲೇನ್ರಿ?”

“ಬ್ಯಾರೆ ಮಂದಿ ಮನಿಯಪಾ ಇದು. ನನ್ನ ದೀಪದಿಂದ ಅವರ ಮನಿಗೆ ಏನರ ಆದ್ರ? ಕಾಂತಾ ಹಚ್ಚು ಅಂತಾಳ. ನನಗೇ ಕೈ ಬರವಲ್ದು.” ಆಮೇಲೆ, “ಮ್ಯಾಲ ಏನಂತ ಹಚ್ಚಲಿ? ಕಡ್ಡಿ ಗೀರಿ ಹಚ್ಚಿದ್ರ ಅದು ನ್ಯಾಲ್ಕಲ್ಲಿನ ದೀಪ ಆಗ್ತದೇನು?” ಎಂದಳು.

ಶಂಕ್ರೆಪ್ಪ ಅಲ್ಲೇ ಕೂತು ಚೀಲದಿಂದ ಕಾಗದ, ಟಾಕು, ಶಾಯಿಯ ದೌತಿ ತೆಗೆದ. ಒಂದು ಬಂಡೆಯ ಚೂರು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದ. ಒಂದು ಸಾಲು ಬರೆದರೆ ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಿದ್ದ. ‘ಸುಗಲಾಬಾಯಿಗೆ ನಾನು ಒಂದು ಪ್ರಶ್ನೆಯನ್ನೂ ಓದಿಲ್ಲ. ಏಳನೆಯದಕ್ಕೆ ಇಲ್ಲವೆಂದು ಬರೆದವನು ನಾನು. ಓದಿ ಹೇಳಿದ್ದೇನೆಂದು ಸಾಹೇಬರ ಮುಂದೆ ನುಡಿದದ್ದು ಸುಳ್ಳು. ಆ ಸುಳ್ಳು ನನ್ನದು. ಸುಗಲಾಬಾಯಿ ಆಡಿದ್ದು ನಿಜ.’

“ಕಡೀದು ಇನ್ನೊಮ್ಮೆ ಓದು,” ಎಂದಳು ಸುಗಲಾಬಾಯಿ.

ಅವನು ಓದಿದ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

“ನಿನ್ನ ಕೆಲಸ ಹೋಗ್ತದೇನೋ ಇದರಿಂದ?”

“ಹೋಗ್ತದ.”

“ಅಮೃತಾಗ ಹೇಳಿ ಬಂದೀಯೇನು?”

“ಹೇಳೀನಿ. ಜಲ್ದಿ ಹೋಗ್ರಿ ಅಂದ್ಲು.”

ಸುಗಲಾಬಾಯಿ ಒಲೆಗೆ ಎರಡು ಕಟ್ಟಿಗೆ ಒಟ್ಟಿ, ಹೊಸದಾಗಿ ಒಂದು ರೊಟ್ಟಿ ಬಡಿದು, ತಾಟಿಗೆ ಹಾಕಿ ಅವನ ಮುಂದೆ ಸರಿಸಿದಳು. “ಉಂಡು ಹೋಗು. ಗಾಡಿ ಇನ್ನಾ ದೂರ ಅದ,” ಎಂದಳು. ಮೊದಲಿನ ಹಾಗೆ ಎದುರಿಗೆ ಕೂತು ಇನ್ನೊಂದು ಹಾಕಲೇ ಎಂದು ಕೇಳಲಿಲ್ಲ. ಬೆನ್ನು ತಿರುಗಿಸಿ ಹಿಟ್ಟು ನಾದುತ್ತ ಕೂತಳು. ಶಂಕ್ರೆಪ್ಪ ಆ ಒಂದು ರೊಟ್ಟಿಯನ್ನು ನೀರಿನ ಜೊತೆ ನುಂಗಿ ಮುಗಿಸಿದ. ಕಾಗದವನ್ನು ತಾಂಡೂರಿನ ಟಪ್ಪಾಲಿನಲ್ಲೇ ಹಾಕಿದ. ಜಹೀರಾಬಾದ ಮುಟ್ಟುವ ತನಕ ತನ್ನ ಮನಸ್ಸು ಗಟ್ಟಿಯಾಗಿ ಉಳಿದೀತೆಂಬ ನಂಬಿಕೆ ಅವನಿಗೆ ಇರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಉತ್ತರ ಬಂತು. ಅವನ ಏಜೆನ್ಸಿ ರದ್ದು. ಹಲಗೆಯನ್ನು ಮರಳಿಸತಕ್ಕದ್ದು. ಸುಗಲಾಬಾಯಿಯ ಅರ್ಜಿಯನ್ನು ಕಂಪನಿ ಇನ್ನೊಮ್ಮೆ ನೋಡಿ, ಒಂದು ವರ್ಷ ಕಳೆದ ಮೇಲೆ, ಪೂರ್ತಿಯಲ್ಲದಿದ್ದರೂ ಅರ್ಧದಷ್ಟು ಕೊಟ್ಟಿತು. ಜೊತೆಗೊಂದು ಕಾಗದ: ‘ತಪ್ಪು ಏಜೆಂಟನದು, ಅರ್ಜಿದಾರಳದಲ್ಲ.’ ಆ ಕಾಗದವನ್ನು ಅವಳು ಯಾರಿಂದಲೋ ಮೂರು ಸಲ ಓದಿಸಿ, ವಿಭೂತಿಯ ಗಟ್ಟಿಯ ಜೊತೆ ಗಂಟಿನಲ್ಲಿ ಕಟ್ಟಿಟ್ಟುಕೊಂಡಳು ಎಂದು ಆಗಾಗ ತಾಂಡೂರಿಗೆ ಬಾಡಿಗೆ ಹೋಗುತ್ತಿದ್ದ ವೀರಪ್ಪ ಸುದ್ದಿ ತಂದ. ಜಹೀರಾಬಾದಿಗೆ ಅವಳು ತಿರುಗಿ ಬರಲಿಲ್ಲ. ಬರುವುದಾದರೂ ಎಲ್ಲಿಗೆ? ಅವಳ ಜಾಗದಲ್ಲಿ ಹತ್ತಿಯ ಗೋದಾಮು ಎದ್ದಿತ್ತು.

“ದೀಪ ಹಚ್ಚ್ಯಾಳೇನು ಕಾಕಾ?” ಎಂದು ಶಂಕ್ರೆಪ್ಪ ಪ್ರತಿ ಸಲ ಕೇಳುತ್ತಿದ್ದ.

“ಇಲ್ಲಪಾ,” ಎನ್ನುತ್ತಿದ್ದ ವೀರಪ್ಪ. ಅವನ ಮೋಟಾರಿಗೂ ಇನ್ನೂ ಒಂದೇ ಕಣ್ಣು.

ಶಂಕ್ರೆಪ್ಪ ಅರ್ಜಿ ಬರೆಯುವವನಾದ. ತಹಸೀಲಿಗೆ, ಕೋರ್ಟಿಗೆ ಜನರ ಅರ್ಜಿ ಬರೆದುಕೊಟ್ಟು ಸಂಸಾರ ಸಾಗಿಸಿದ. ಮೇಜನ್ನು ಪಡಸಾಲೆಯಿಂದ ತೆಗೆದು ಬೇವಿನ ಕಟ್ಟೆಗೆ, ಹೊರಗೆ, ಬಯಲಿಗೆ ಹಾಕಿದ. ಗೋಡೆಯ ಮೇಲಿನ ಕೆಮ್ಮಣ್ಣಿನ ಅಕ್ಷರಗಳನ್ನು ಮಳೆ ತಾನಾಗಿಯೇ ತೊಳೆಯಿತು. ಊರಿಗೆ ಹೊಸ ಏಜೆಂಟನೊಬ್ಬ ಬಂದ. ಆದರೆ ಹೆಬ್ಬೆಟ್ಟು ಒತ್ತುವ ಮುಂಚೆ ಫಾರಮ್ಮನ್ನು ಬೇವಿನ ಕಟ್ಟೆಗೆ ಒಯ್ದು ಓದಿಸಿಕೊಂಡು ಬರುವ ಪದ್ಧತಿ ಹೇಗೋ ಬೆಳೆಯಿತು. ಅದಕ್ಕೆ ಶಂಕ್ರೆಪ್ಪ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಒಂದು ಸಂತೆಯ ಮುಂಜಾನೆ ಮನೂರಿನ ಸಾಯಪ್ಪ ಬಂದ. ಮನೆಯ ಮುಂದಿನ ಅಂಕಣದಲ್ಲಿ ಹೊಸದಾಗಿ ಕಿರಾಣಿ ಅಂಗಡಿ ಇಟ್ಟವನು. ಕೈಯಲ್ಲಿ ಫಾರಮ್ಮು.

“ಜಲ್ದಿ ನೋಡಿ ಬಿಡ್ರಿ. ಎಲ್ಲಾಕೂ ‘ಇಲ್ಲ’ ಬರದ್ರ ಆತು ಅಂತಾರ.”

“ಕುಂದರು. ಓದ್ತೀನಿ, ಒಂದೊಂದೇ ಹೇಳು,” ಎಂದ ಶಂಕ್ರೆಪ್ಪ. ಸುಟ್ಟದ್ದು, ಬಿದ್ದದ್ದು, ಎಲ್ಲವನ್ನೂ ಆ ಬಯಲಿನಲ್ಲಿ ಗಟ್ಟಿಯಾಗಿ ಓದಿದ. ಸಾಯಪ್ಪ ನಡುನಡುವೆ ನೆಲಕ್ಕೆ ಉಗುಳಿ, ಕೆಟ್ಟ ಮಾತಿನ ದೋಷ ಕಳೆದುಕೊಂಡು, ಜವಾಬು ಕೊಟ್ಟ.

“ಏಳನೇದು. ಮನ್ಯಾಗ ಯಾರೂ ಇಲ್ಲದಾಗ ಒಳಗ ಏನರ ಉರೀತದೇನು?”

“ಯಾರೂ ಇಲ್ಲಂದ್ರ ಒಲಿ ಯಾರ ಹಚ್ತಾರ್ರಿ? ಇಲ್ಲಂತ ಬರೀರಿ.”

ಶಂಕ್ರೆಪ್ಪ ಬರೆಯಲಿಲ್ಲ. “ದೇವರ ಮುಂದ?”

ಸಾಯಪ್ಪ ನಕ್ಕುಬಿಟ್ಟ. “ಒಳ್ಳೇ ಮಾತು! ದೇವರ ದೀಪ ಬೆಂಕಿ ಏನ್ರಿ?”

“ನಿನಗ ಅಲ್ಲ, ನನಗೂ ಅಲ್ಲ. ಕಾಗದಕ್ಕ ಬೆಂಕಿ. ಉರೀತದೋ ಇಲ್ಲೋ ಹೇಳು.”

“ಉರೀತದ್ರಿ,” ಎಂದ ಸಾಯಪ್ಪ, ನಗು ಬಿಟ್ಟು. “ನಮ್ಮವ್ವ ಹಚ್ಚಿದ್ದು.”

ಶಂಕ್ರೆಪ್ಪ ಟಾಕನ್ನು ದೌತಿಯಲ್ಲಿ ಅದ್ದಿ ಏಳನೆಯದರ ಮುಂದೆ ‘ಹೌದು’ ಎಂದು ಬರೆದ. ಶಾಯಿ ಒಣಗುವ ತನಕ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದ. ಆಮೇಲೆ ಎಂದ:

“ಎಂಟನೇದು ಓದ್ತೀನಿ. ಕೇಳು.”